ಸ್ಲೊವಾಕ್ ಷರತ್ತುವಾಕ್ಯದ ಲಿಖಿತರೂಪ ಬೆಳೆದುಬಂದ ಬಗೆ

ಸ್ಲೊವಾಕ್ ಭಾಷೆಯಲ್ಲಿ ಈಡೇರಬಹುದಾದ ಷರತ್ತನ್ನು 'ಅಕ್' ಎಂಬ ಅವ್ಯಯದಿಂದಲೂ ಕೇವಲ ಕಲ್ಪನೆಯಲ್ಲಿರುವ ಷರತ್ತನ್ನು 'ಕೆಬಿ' ಎಂಬುದರಿಂದಲೂ ಸೂಚಿಸುತ್ತಾರೆ. 'ಕೆಬಿ ಸೊಮ್ ಮಲ್ ಚಸ್, ಪ್ರಿಶಿಯೆಲ್ ಬಿ ಸೊಮ್' ಎಂದರೆ 'ಸಮಯವಿದ್ದಿದ್ದರೆ ಬರುತ್ತಿದ್ದೆ' ಎಂದರ್ಥ. ಇಲ್ಲಿ 'ಮಲ್', 'ಪ್ರಿಶಿಯೆಲ್' ಎಂಬವು ಲಕಾರಾಂತ ಭೂತಕೃದಂತಗಳು. 'ಸೊಮ್' ಉತ್ತಮಪುರುಷ ಏಕವಚನವನ್ನು ತಿಳಿಸುತ್ತದೆ. 'ಬಿ' ಎಂಬುದು 'ಇರು' ಎಂಬರ್ಥದ ಧಾತುವಿನ ಪ್ರಾಚೀನ ಭೂತರೂಪವೊಂದು ಕಾಲಕ್ರಮದಲ್ಲಿ ಬದಲಾಗದ ಅವ್ಯಯವಾಗಿ ಉಳಿದುಕೊಂಡದ್ದು. ಸೋದರಭಾಷೆಯಾದ ಚೆಕ್‌ನಲ್ಲಿ ಇದೇ ರೂಪ 'ಬಿಖ್', 'ಬಿಸ್' ಎಂದು ಪುರುಷಕ್ಕೆ ತಕ್ಕಂತೆ ಇಂದಿಗೂ ಬದಲಾಗುತ್ತದೆ.

ಈ ವ್ಯತ್ಯಾಸಕ್ಕೆ ಚರಿತ್ರೆಯಲ್ಲಿ ದೊಡ್ಡ ಮಹತ್ವವಿದೆ. ಲೂಥರ್ ಪಂಥದ ಸ್ಲೊವಾಕರು ಕ್ರಲಿಟ್ಸೆ ಬೈಬಲ್ಲಿನ ಚೆಕ್ ಭಾಷೆಯನ್ನೇ ಪೂಜೆಗೂ ಬರಹಕ್ಕೂ ಶತಮಾನಗಳ ಕಾಲ ಬಳಸಿದ್ದರಿಂದ, ಮನೆಮಾತು ಒಂದು, ಬರಹದ ಮಾದರಿ ಇನ್ನೊಂದು ಎಂಬ ಸ್ಥಿತಿ ಬೆಳೆಯಿತು. ಕ್ಯಾಥೊಲಿಕ್ ಪಾದ್ರಿ ಆಂತೊನ್ ಬೆರ್ನೊಲಾಕ್ 1787ರಲ್ಲಿ ಪಶ್ಚಿಮ ಸ್ಲೊವಾಕಿಯಾದ ಶಿಷ್ಟರ ಮಾತನ್ನು ಆಧರಿಸಿ ಮೊದಲ ಲಿಖಿತ ಮಾನಕವನ್ನು ರೂಪಿಸಿದನು. 1843ರಲ್ಲಿ ಲ್ಯುದೊವಿತ್ ಶ್ಟೂರ್, ಹುರ್ಬಾನ್ ಮತ್ತು ಹೊಜಾ ಎಂಬ ಮೂವರು ಹ್ಲಬೊಕೆ ಗ್ರಾಮದಲ್ಲಿ ಸೇರಿ ಮಧ್ಯ ಸ್ಲೊವಾಕಿಯಾದ ಆಡುನುಡಿಯ ಆಧಾರದ ಮೇಲೆ ಹೊಸ ಮಾನಕಕ್ಕೆ ಒಪ್ಪಿದರು. ಅದರ ವ್ಯಾಕರಣವನ್ನು ಶ್ಟೂರ್ 1846ರಲ್ಲಿ ಪ್ರಕಟಿಸಿದನು. ಉಚ್ಚಾರಣೆಗೆ ನಿಷ್ಠನಾಗಿದ್ದ ಅವನು ಕೃದಂತದ ಕೊನೆಯ ಲಕಾರದ ಬದಲು ಉಕಾರವನ್ನು ಬರೆದನು. ಬೆರ್ನೊಲಾಕನಂತೆ 'ವೈ' ಅಕ್ಷರವನ್ನೂ ಕೈಬಿಟ್ಟು 'ಬಿ' ಎಂಬುದಕ್ಕೆ 'ಐ' ಅಕ್ಷರವನ್ನೇ ಬಳಸಿದನು.

ಎರಡು ಮಾನಕಗಳ ನಡುವಿನ ಭೇದವನ್ನು ನೀಗಲು 1851ರಲ್ಲಿ ಕ್ಯಾಥೊಲಿಕ್ ಮತ್ತು ಲೂಥರ್ ಪಂಥದ ವಿದ್ವಾಂಸರು ರಾಜಿಗೆ ಬಂದರು. ಅದರಂತೆ ಮಾರ್ತಿನ್ ಹತ್ತಲಾ 1852ರಲ್ಲಿ ಹೊರತಂದ ಕಿರುವ್ಯಾಕರಣದಲ್ಲಿ ಲಕಾರವೂ 'ವೈ' ಅಕ್ಷರವೂ ಮರಳಿದವು. ಅಲ್ಲಿಂದಾಚೆಗೆ ಆದ ಮುಖ್ಯ ಬದಲಾವಣೆ 1953ರದು: ಅದುವರೆಗೆ ಲಿಂಗಕ್ಕೆ ತಕ್ಕಂತೆ ಎರಡು ಬಗೆಯಲ್ಲಿ ಬರೆಯುತ್ತಿದ್ದ ಬಹುವಚನ ಕೃದಂತಕ್ಕೆ ಒಂದೇ ಬರಹರೂಪ ನಿಗದಿಯಾಯಿತು.

ಹೀಗೆ ಮೂರು ತಲೆಮಾರುಗಳ ವೈಯಾಕರಣರು ಚರ್ಚಿಸಿ ತಿದ್ದಿದ್ದು ಹೆಚ್ಚಾಗಿ ಅಕ್ಷರಗಳನ್ನು. ಬದಲಾಗದ 'ಬಿ' ಮತ್ತು ಅದರೊಡನೆ ಪುರುಷವನ್ನು ತಿಳಿಸುವ ಸಹಾಯಕ್ರಿಯೆ ಎಂಬ ವಾಕ್ಯರಚನೆಯನ್ನು ಕಾಪಾಡಿದ ಶ್ರೇಯಸ್ಸು ಆ ಭಾಷೆಯನ್ನಾಡುವ ಜನರಿಗೇ ಸಲ್ಲಬೇಕು.