ಕಲ್ಲಿನ ಪಕ್ಕದಲ್ಲಿ ನಿಂತ ಮನುಷ್ಯ

ಕ್ಯಾಮರಾ ಕನ್ನಡನಾಡಿಗೆ ಬಂದಾಗ ಅದರ ಕಣ್ಣು ಮೊದಲು ನಿಂತದ್ದು ಕಲ್ಲಿನ ಮೇಲೆ. ಕಟ್ಟಡಗಳ ಚಿತ್ರ ತೆಗೆಯಲೆಂದು ಮುಂಬಯಿ ಸರ್ಕಾರ 1855ರಲ್ಲಿ ಬಿಗ್ಸ್ ಎಂಬ ಸೈನ್ಯಾಧಿಕಾರಿಯನ್ನು ನೇಮಿಸಿತು. ಆತ ವಿಜಾಪುರಕ್ಕೆ ಬಂದನು. ಮರುವರ್ಷ ಗ್ರೀನ್‌ಲಾ ಎಂಬಾತ ಹಂಪೆಯ ಅವಶೇಷಗಳನ್ನು ಮೇಣ ಸವರಿದ ಕಾಗದದಲ್ಲಿ ಮೂಡಿಸಿದನು. 1866ರಲ್ಲಿ ಧಾರವಾಡ, ಮೈಸೂರು ಸೀಮೆಗಳ ವಾಸ್ತುಶಿಲ್ಪದ ಚಿತ್ರಸಂಪುಟ ಲಂಡನ್ನಿನಲ್ಲಿ ಪ್ರಕಟವಾಯಿತು. ಅದಕ್ಕೆ ಚರಿತ್ರೆಯ ಭಾಗವನ್ನು ಬರೆದವನು ಮೆಡೋಸ್ ಟೇಲರ್, ಅಂದರೆ ನಮ್ಮ ಸುರಪುರದ ಟೇಲರ್ ಸಾಹೇಬನೇ.

ಆ ಕಾಲದ ಚಿತ್ರಗಳಲ್ಲಿ ಕೆಲವೊಮ್ಮೆ ಕಂಬದ ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ. ಅವನ ಹೆಸರಿಲ್ಲ. ಕಂಬ ಎಷ್ಟು ಎತ್ತರವೆಂದು ತೋರಿಸುವ ಅಳತೆಗೋಲು ಅವನು. ಬಿಂಬ ಮೂಡಲು ಬಹಳ ಹೊತ್ತು ಹಿಡಿಯುತ್ತಿದ್ದುದರಿಂದ ಅಲುಗಾಡದೆ ನಿಲ್ಲಬೇಕಿತ್ತು. ಕೆಲಸ ಮಾಡುವ ಕೈ ಅಲುಗದೆ ಇರುವುದೆಂತು?

ಬಂಡಿಯ ಗಾಲಿಗೆ ಹಳಿ ಏರಿಸುವುದನ್ನು ನೆನೆಯಿರಿ. ಬಡಿಗ ಗುಂಬಕ್ಕೆ ಅರೆಗಳನ್ನು ಕೂಡಿಸಿ ಗಾಲಿಯನ್ನು ಸಿದ್ಧಪಡಿಸಿರುತ್ತಾನೆ. ಕಮ್ಮಾರ ಕಬ್ಬಿಣದ ಹಳಿಯನ್ನು ಗಾಲಿಯ ಸುತ್ತಳತೆಗಿಂತ ಕೂದಲೆಳೆಯಷ್ಟು ಕಿರಿದಾಗಿಯೇ ಬೆಸೆದಿರುತ್ತಾನೆ. ಕುಳ್ಳಿನ ಬೆಂಕಿಯಲ್ಲಿ ಅದು ಕೆಂಪಾಗಿ ಹಿಗ್ಗಿದೊಡನೆ ಇಕ್ಕಳಗಳಿಂದ ಎತ್ತಿ ಗಾಲಿಗೆ ತೊಡಿಸಿ, ಸುತ್ತಿಗೆಯಿಂದ ಕೂರಿಸಿ, ನೀರು ಸುರಿಯುತ್ತಾರೆ. ಕಬ್ಬಿಣ ಕುಗ್ಗುತ್ತ ಮರದ ಕೀಲುಗಳನ್ನೆಲ್ಲ ಬಿಗಿಯುತ್ತದೆ. ತಡಮಾಡಿದರೆ ಮರ ಸುಟ್ಟೀತು, ಅವಸರಪಟ್ಟರೆ ಹಳಿ ಏರದು. ಎಷ್ಟು ಕಿರಿದು ಇರಬೇಕೆಂಬ ಅಳತೆ ಯಾವ ಗ್ರಂಥದಿಂದ ಬಂದದ್ದೂ ಅಲ್ಲ. ತಂದೆಯ ಕೈ ನೋಡಿ ಮಗನ ಕೈ ಕಲಿತದ್ದು. ಹೊಗೆ, ಆವಿ, ಕೂಗುಗಳ ನಡುವೆ ಕೆಲವೇ ನಿಮಿಷಗಳಲ್ಲಿ ಮುಗಿಯುವ ಈ ಕೆಲಸ ಗ್ರೀನ್‌ಲಾನ ಕಾಗದಕ್ಕೆ ದಕ್ಕುವಂಥದ್ದಲ್ಲ.

ಭೀಮಾತೀರ ನಿಜಾಮರ ಆಳ್ವಿಕೆಯಲ್ಲಿದ್ದಾಗ ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕನಾಗಿದ್ದ ರಾಜಾ ದೀನದಯಾಳ (1844–1905) ಹೆಸರಾದದ್ದು ಅರಮನೆ, ಬೇಟೆ, ಗಣ್ಯರ ಚಿತ್ರಗಳಿಂದ. ಅವನ ಮಕ್ಕಳೂ ಅದೇ ಕಸುಬು ಹಿಡಿದರು. ಅವರ ಕುಲವೃತ್ತಿಯ ಫಲವಾದ 2,000ಕ್ಕೂ ಮಿಕ್ಕ ಗಾಜಿನ ಫಲಕಗಳು ಇಂದು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾಕೇಂದ್ರದಲ್ಲಿ ಭದ್ರವಾಗಿವೆ. ಬಡಿಗನ ಕುಲವೃತ್ತಿಗೆ ಅಂಥ ಭಾಗ್ಯವೆಲ್ಲಿ!

ಕ್ಯಾಮರಾ ಕೈಗೆ ಹಗುರವಾದ ಮೇಲೆ ಸಂಗತಿ ಬದಲಾಯಿತು. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಗಣ್ಯರನ್ನೂ ಚಿತ್ರಿಸಿದರು. ಆದರೆ ಅವರ ಮನಸ್ಸು ತಂಗಿದ್ದು ಹೆಸರಿಲ್ಲದ ಜನರಲ್ಲಿ, ಮಕ್ಕಳಲ್ಲಿ. 1979ರಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ತಮ್ಮ ವೃತ್ತಿಜೀವನದ ನೆನಪುಗಳನ್ನು ಅವರು ಕನ್ನಡದಲ್ಲಿ ಬರೆದು ‘ಕಾಲಕ್ಕೆ ಕನ್ನಡಿ’ ಎಂದು ಕರೆದರು. ಕನ್ನಡಿ ಎದುರಿಗೆ ಬಂದವರನ್ನು ಆರಿಸುವುದಿಲ್ಲ, ಕ್ಯಾಮರಾ ಆರಿಸುತ್ತದೆ. ಸತ್ಯನ್ ಅವರ ಹಿರಿಮೆ ಆ ಆಯ್ಕೆಯಲ್ಲಿಯೇ ಇದೆಯೆಂದು ನನ್ನ ಎಣಿಕೆ.

ಅಫಜಲಪುರ ತಾಲೂಕಿನ ಹವಳಗಾದಲ್ಲಿ ಈಗ ಸಕ್ಕರೆ ಕಾರ್ಖಾನೆಯಿದೆ. ಹಂಗಾಮಿನಲ್ಲಿ ಕಬ್ಬು ಹೇರಿಕೊಂಡು ಬರುವ ಟ್ರ್ಯಾಕ್ಟರಿಗೆ ರಬ್ಬರಿನ ಗಾಲಿ. ಎತ್ತಿನ ಬಂಡಿಗೂ ಈಗ ಬಹುಮಟ್ಟಿಗೆ ಅದೇ. ಎತ್ತಿನ ಹೆಗಲಿಗೆ ಹಗುರವಾಯಿತು, ಅದಕ್ಕೆ ಮರುಗಬೇಕಾಗಿಲ್ಲ. ಆದರೆ ಬಡಿಗರ ಮನೆಗಳ ಗೋಡೆ ನೋಡಿ: ಮದುವೆಯ ಚಿತ್ರ, ಬಣ್ಣದ ಪರದೆಯ ಮುಂದೆ ಮೊಣಕಾಲ ಮೇಲೆ ಕೈಯಿಟ್ಟು ಕುಳಿತ ಹಿರಿಯರು. ಆ ಕೈಯಲ್ಲಿ ಬಾಚಿಯಿಲ್ಲ, ಉಳಿಯಿಲ್ಲ.

ಗಾಲಿ ಕಟ್ಟಬಲ್ಲ ಮುದುಕರು ಅಲ್ಲಲ್ಲಿ ಇನ್ನೂ ಇದ್ದಾರೆ. ಈಗ ಯಾರ ಜೇಬಿನಲ್ಲಿ ನೋಡಿದರೂ ಕ್ಯಾಮರಾ ಇದೆ. ಚಿತ್ರ ತೆಗೆದವರು ಅವರ ಊರು, ಹೆಸರು, ಕಸುಬು ಕಲಿಸಿದ ತಂದೆಯ ಹೆಸರುಗಳನ್ನೂ ಕೇಳಿ ಬರೆದಿಟ್ಟುಕೊಳ್ಳಲಿ.