ಶಾಲೆ ನೋಡಿ ಬಡಾವಣೆ: ದಾಖಲಾತಿ ಗಡಿ, ಮನೆಯ ಬೆಲೆ ಮತ್ತು ನೆರೆಹೊರೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಕ್ಯೂಪರ್ಟಿನೊ, ಸ್ಯಾನ್ ರಮೋನ್‌ನಂಥ ಊರುಗಳಲ್ಲಿ ಮನೆ ಹುಡುಕುವ ಕನ್ನಡ ಕುಟುಂಬಗಳು, ಅಲ್ಲಿನ ಉಳಿದ ವಲಸಿಗರಂತೆಯೇ, ಮನೆಯ ವಿಸ್ತೀರ್ಣಕ್ಕಿಂತ ಮೊದಲು ಆ ವಿಳಾಸಕ್ಕೆ ಯಾವ ಶಾಲೆ ಸಿಗುತ್ತದೆಂದು ವಿಚಾರಿಸುತ್ತವೆ. ಅಮೆರಿಕದ ಸರ್ಕಾರಿ ಶಾಲಾ ವ್ಯವಸ್ಥೆಯಲ್ಲಿ ಇದು ಸಹಜವಾದ ಪ್ರಶ್ನೆ. ಅಲ್ಲಿ ಮಗುವಿನ ಶಾಲೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಎರಡು ಗೆರೆಗಳು: ಹಣಕಾಸು ಮತ್ತು ಆಡಳಿತದ ಘಟಕವಾದ ಶಾಲಾ ಜಿಲ್ಲೆಯ ಗಡಿ ಒಂದು, ಜಿಲ್ಲೆಯೊಳಗೆ ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಹೋಗಬೇಕೆಂದು ಹೇಳುವ ದಾಖಲಾತಿ ವಲಯದ ಗಡಿ ಇನ್ನೊಂದು. ಶುಲ್ಕವಿಲ್ಲದ ಶಾಲೆಗೆ ತೆರಬೇಕಾದ ಬೆಲೆ ಹೀಗೆ ಮನೆಯ ಬೆಲೆಯೊಳಗೆ ಸೇರಿಕೊಳ್ಳುತ್ತದೆ. ಒಳ್ಳೆಯ ಶಾಲೆ ಎಂದು ನಂಬಿ ಪೋಷಕರು ತೆರುವ ಈ ಹೆಚ್ಚುವರಿ ಹಣದ ದೊಡ್ಡ ಭಾಗ ಬೋಧನೆಗೆ ಸಲ್ಲುವುದಿಲ್ಲ, ಆ ಗಡಿಯೊಳಗೆ ಈಗಾಗಲೇ ವಾಸವಾಗಿರುವವರ ಸ್ಥಿತಿವಂತಿಕೆಗೆ ಸಲ್ಲುತ್ತದೆ ಎಂಬುದು ಈ ಲೇಖನದ ವಾದ. ಹಾಗಿದ್ದರೆ ನೆರೆಹೊರೆಯ ಶಾಲೆಯ ಬಗೆಗಿನ ಚರ್ಚೆ ಪೋಷಕರ ಆಯ್ಕೆಯ ಸುತ್ತ ಮಾತ್ರ ಸುತ್ತಿದರೆ ಸಾಲದು. ಗೆರೆ ಎಳೆಯುವ ಅಧಿಕಾರವನ್ನೂ ಅದು ಪರಿಶೀಲಿಸಬೇಕಾಗುತ್ತದೆ. ಕರ್ನಾಟಕದ ಸಂದರ್ಭದಲ್ಲಿ ಈ ಪರಿಶೀಲನೆ ಇನ್ನೂ ಜರೂರಾಗಿದೆ ಎಂಬುದನ್ನು ಮುಂದೆ ತೋರಿಸಲು ಯತ್ನಿಸಿದ್ದೇನೆ.

ವಿಷಯದ ಸೈದ್ಧಾಂತಿಕ ಚೌಕಟ್ಟು ಹಳೆಯದು. 1956ರಲ್ಲಿ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಟೀಬೂ ಸ್ಥಳೀಯ ಸರ್ಕಾರಗಳ ಬಗ್ಗೆ ಒಂದು ಸೊಗಸಾದ ಊಹೆಯನ್ನು ಮುಂದಿಟ್ಟರು: ತೆರಿಗೆ ಮತ್ತು ಸೇವೆಗಳ ಯಾವ ಹೊಂದಾಣಿಕೆ ತಮಗೆ ಒಪ್ಪುತ್ತದೋ ಆ ಊರಿಗೆ ಜನ ಹೋಗಿ ನೆಲೆಸುತ್ತಾರೆ, ಹಾಗೆ ನೆಲೆಸುವುದರ ಮೂಲಕವೇ ತಮಗೇನು ಬೇಕೆಂದು ತಿಳಿಸುತ್ತಾರೆ. 1969ರಲ್ಲಿ ವ್ಯಾಲೇಸ್ ಓಟ್ಸ್ ಈಶಾನ್ಯ ನ್ಯೂಜೆರ್ಸಿಯ ಪುರಸಭೆಗಳ ಲೆಕ್ಕ ತೆಗೆದು, ಶಾಲೆಗಳ ಮೇಲಿನ ವೆಚ್ಚ ಹೆಚ್ಚಿದ್ದಲ್ಲಿ ಮನೆಯ ಬೆಲೆಯೂ ಹೆಚ್ಚಿರುವುದನ್ನು ತೋರಿಸಿದರು. ಆದರೆ ಇಲ್ಲೊಂದು ತೊಡಕಿದೆ. ಒಳ್ಳೆಯ ಶಾಲೆಯಿರುವ ಊರಿನಲ್ಲಿ ಮರಗಳಿರುತ್ತವೆ, ಅಗಲವಾದ ರಸ್ತೆಗಳಿರುತ್ತವೆ, ಅಪರಾಧ ಕಡಿಮೆಯಿರುತ್ತದೆ. ಬೆಲೆಯಲ್ಲಿ ಶಾಲೆಯ ಪಾಲೆಷ್ಟು, ಮರಗಳ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಹೇಗೆ? 1999ರಲ್ಲಿ ಸ್ಯಾಂಡ್ರಾ ಬ್ಲ್ಯಾಕ್ ಕಂಡುಕೊಂಡ ದಾರಿ ಇಂದಿಗೂ ಈ ಕ್ಷೇತ್ರದ ಮಾದರಿಯಾಗಿದೆ. ಬಾಸ್ಟನ್ ಸುತ್ತಲಿನ ಉಪನಗರಗಳಲ್ಲಿ ಪ್ರಾಥಮಿಕ ಶಾಲೆಗಳ ದಾಖಲಾತಿ ಗಡಿಗಳನ್ನು ಹಿಡಿದು, ಗೆರೆಯ ಆಚೆ ಈಚೆ ಕಾಲು ಕಿಲೋಮೀಟರಿನಷ್ಟು ಹತ್ತಿರದ ಮನೆಗಳನ್ನೂ ಅವರು ಹೋಲಿಸಿದರು. ಎರಡೂ ಬದಿಗಳು ಒಂದೇ ಶಾಲಾ ಜಿಲ್ಲೆಯೊಳಗಿದ್ದವು. ತೆರಿಗೆ ಒಂದೇ, ತಲಾ ವೆಚ್ಚದ ನೀತಿ ಒಂದೇ, ಸುತ್ತಲಿನ ಬೀದಿಗಳೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿದ್ದದ್ದು ಮಗು ಯಾವ ಶಾಲೆಗೆ ಹೋಗುತ್ತದೆ ಎಂಬುದರಲ್ಲಿ ಮಾತ್ರ. ಪರೀಕ್ಷೆಯ ಸರಾಸರಿ ಅಂಕ ಶೇ 5ರಷ್ಟು ಹೆಚ್ಚಿದ್ದರೆ ಪೋಷಕರು ಮನೆಗೆ ಸುಮಾರು ಶೇ 2.5ರಷ್ಟು ಹೆಚ್ಚು ಕೊಡಲು ಸಿದ್ಧರಿದ್ದಾರೆಂದು ಅವರ ಅಂದಾಜು. ನೆರೆಹೊರೆಯ ಗುಣಗಳನ್ನು ಸರಿಯಾಗಿ ಬೇರ್ಪಡಿಸದ ಹಿಂದಿನ ವಿಧಾನದ ಅಂದಾಜು ಇದರ ಎರಡರಷ್ಟಿತ್ತು. ಶಾಲೆಯ ಲೆಕ್ಕದಲ್ಲಿ ಬರೆದಿಟ್ಟಿದ್ದ ಬೆಲೆಯ ಅರ್ಧದಷ್ಟು ಶಾಲೆಯದಾಗಿರಲಿಲ್ಲ.

ಉಳಿದರ್ಧವೂ ಪೂರ್ತಿ ಶಾಲೆಯದಲ್ಲವೆಂದು ಎಂಟು ವರ್ಷಗಳ ನಂತರ ತಿಳಿಯಿತು. ಪ್ಯಾಟ್ರಿಕ್ ಬೇಯರ್, ಫರ್ನಾಂಡೊ ಫೆರೇರಾ ಮತ್ತು ರಾಬರ್ಟ್ ಮ್ಯಾಕ್‌ಮಿಲನ್ 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ 1990ರ ಜನಗಣತಿಯ ಮಾಹಿತಿಯನ್ನು ಇದೇ ಗಡಿ ವಿಧಾನದಿಂದ ಪರಿಶೀಲಿಸಿದಾಗ, ಗೆರೆಯ ಎರಡು ಬದಿಯ ಮನೆಗಳು ಹೋಲುತ್ತಿದ್ದರೂ ಅವುಗಳೊಳಗಿನ ಜನ ಹೋಲುತ್ತಿರಲಿಲ್ಲ. ಹೆಚ್ಚು ಅಂಕದ ಶಾಲೆಯ ಬದಿಯಲ್ಲಿ ಹೆಚ್ಚು ಓದಿದ, ಹೆಚ್ಚು ಆದಾಯದ ಕುಟುಂಬಗಳು ಕೂಡಿಕೊಂಡಿದ್ದವು. ಈ ಕೂಡಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಶೇ 5ರಷ್ಟು ಹೆಚ್ಚು ಅಂಕಕ್ಕೆ ಜನ ಕೊಡುವ ಹೆಚ್ಚುವರಿ ಬೆಲೆ ಶೇ 1ಕ್ಕಿಂತ ಕೆಳಗಿಳಿಯಿತು. ಇಲ್ಲಿ ಕಾರಣ ಮತ್ತು ಪರಿಣಾಮ ಒಂದರ ಬೆನ್ನಿಗೆ ಇನ್ನೊಂದು ಸುತ್ತುತ್ತವೆ. ಅಂಕ ನೋಡಿ ಸ್ಥಿತಿವಂತರು ಬರುತ್ತಾರೆ. ಅವರು ಬಂದದ್ದರಿಂದ ಅಂಕ ಏರುತ್ತದೆ. ಏರಿದ ಅಂಕ ಇನ್ನಷ್ಟು ಸ್ಥಿತಿವಂತರನ್ನು ಕರೆತರುತ್ತದೆ. ಶಿಕ್ಷಕರು ತರಗತಿಯಲ್ಲಿ ಏನೊಂದನ್ನೂ ಬದಲಿಸದಿದ್ದರೂ ಈ ಚಕ್ರ ತಿರುಗುತ್ತಲೇ ಇರುತ್ತದೆ.

ಹಾಗಾದರೆ ಸರಾಸರಿ ಅಂಕ ಏನನ್ನು ಅಳೆಯುತ್ತದೆ? ಮಕ್ಕಳ ಸಾಧನೆಯ ವ್ಯತ್ಯಾಸದಲ್ಲಿ ಕುಟುಂಬದ ಹಿನ್ನೆಲೆಯ ಪಾಲು ಶಾಲಾ ಸೌಲಭ್ಯಗಳ ಪಾಲಿಗಿಂತ ದೊಡ್ಡದು ಎಂದು ಜೇಮ್ಸ್ ಕೋಲ್ಮನ್ ಅವರ 1966ರ ವರದಿಯೇ ಹೇಳಿತ್ತು. ಈಚಿನ ವರ್ಷಗಳಲ್ಲಿ ಸ್ಟ್ಯಾನ್‌ಫರ್ಡಿನ ಷಾನ್ ರಿಯರ್ಡನ್ ಅಮೆರಿಕದ ಸುಮಾರು 11,000 ಶಾಲಾ ಜಿಲ್ಲೆಗಳ ಮೂರರಿಂದ ಎಂಟನೇ ತರಗತಿವರೆಗಿನ ಫಲಿತಾಂಶಗಳನ್ನು ಜೋಡಿಸಿ ಎರಡು ಸಂಗತಿಗಳನ್ನು ಬೇರ್ಪಡಿಸಿದರು. ಮೂರನೇ ತರಗತಿಯಲ್ಲಿ ಮಕ್ಕಳು ಎಲ್ಲಿದ್ದಾರೆ ಎಂಬುದು ಒಂದು, ಅಲ್ಲಿಂದ ಎಂಟರವರೆಗೆ ಎಷ್ಟು ಬೆಳೆದರು ಎಂಬುದು ಇನ್ನೊಂದು. ಮೊದಲನೆಯದು ಜಿಲ್ಲೆಯ ಸಂಪತ್ತಿನೊಡನೆ ಬಿಗಿಯಾಗಿ ಹೆಣೆದುಕೊಂಡಿದೆ, ಎರಡನೆಯದಕ್ಕೆ ಆ ನಂಟು ತೀರ ಸಡಿಲ. ಎರಡರ ನಡುವೆ ಪರಸ್ಪರ ಸಂಬಂಧ ಇಲ್ಲವೆನ್ನುವಷ್ಟು ಕಡಿಮೆ. ಷಿಕಾಗೊ ಇದಕ್ಕೆ ಎದ್ದುಕಾಣುವ ಉದಾಹರಣೆ. ಮೂರನೇ ತರಗತಿಯಲ್ಲಿ ದೇಶದ ಸರಾಸರಿಗಿಂತ ಬಹಳ ಹಿಂದಿದ್ದ ಅಲ್ಲಿನ ಮಕ್ಕಳು ಮುಂದಿನ ಐದು ವರ್ಷಗಳಲ್ಲಿ ಸುಮಾರು ಆರು ವರ್ಷಗಳ ಕಲಿಕೆಯನ್ನು ಗಳಿಸಿದ್ದರು. ಬೆಳವಣಿಗೆಯೂ ಶಾಲೆಯ ಶುದ್ಧ ಅಳತೆಗೋಲಲ್ಲ, ಮನೆಪಾಠ ಮತ್ತು ಟ್ಯೂಷನ್‌ಗಳ ನೆರಳು ಅದರ ಮೇಲೂ ಬೀಳುತ್ತದೆ. ಆದರೂ ಬೋಧನೆಗೆ ಹೆಚ್ಚು ಹತ್ತಿರದ ಸೂಚಕ ಅದೇ. ಮನೆ ಮಾರಾಟದ ಜಾಲತಾಣಗಳಲ್ಲಿ ಪ್ರತಿ ಮನೆಯ ಪಕ್ಕದಲ್ಲಿ ಹತ್ತಕ್ಕೆ ಇಷ್ಟೆಂದು ಕಾಣುವ ಶಾಲಾ ಶ್ರೇಯಾಂಕಗಳು ಬಹುಕಾಲ ನಿಂತದ್ದು ಮುಖ್ಯವಾಗಿ ಸರಾಸರಿ ಅಂಕಗಳ ಮೇಲೆ. ಅವು ಮಾರಿದ್ದು ಆ ಬಡಾವಣೆಯ ತಂದೆತಾಯಂದಿರ ವಿದ್ಯಾಭ್ಯಾಸದ ಪಟ್ಟಿಯನ್ನು ಎಂದರೆ ಅತಿಶಯೋಕ್ತಿಯಾಗದು.

ಇದಕ್ಕೆ ಬರುವ ಬಲವಾದ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. ಪೋಷಕರು ಬೋಧನೆಯನ್ನಲ್ಲ, ಸಹಪಾಠಿಗಳನ್ನೇ ಕೊಳ್ಳುತ್ತಿದ್ದರೆ ಅದರಲ್ಲಿ ತಪ್ಪೇನು? ಓದುವ ಮಕ್ಕಳ ನಡುವೆ ಬೆಳೆದ ಮಗು ಓದುತ್ತದೆಂಬ ನಂಬಿಕೆ ನಮ್ಮಲ್ಲೂ ಗಟ್ಟಿಯಾಗಿದೆ. ಇದಕ್ಕೆ ಆಧಾರವೂ ಉಂಟು. 1994ರಿಂದ ಅಮೆರಿಕದ ಐದು ಮಹಾನಗರಗಳಲ್ಲಿ ನಡೆದ ‘ಮೂವಿಂಗ್ ಟು ಆಪರ್ಚುನಿಟಿ’ ಪ್ರಯೋಗದಲ್ಲಿ, ಕಡುಬಡತನದ ವಸತಿ ಸಮುಚ್ಚಯಗಳಲ್ಲಿದ್ದ ಸುಮಾರು 4,600 ಕುಟುಂಬಗಳ ನಡುವೆ ಚೀಟಿ ಎತ್ತಿ, ಕೆಲವಕ್ಕೆ ಬಡತನ ಕಡಿಮೆಯಿರುವ ಕಡೆ ಬಾಡಿಗೆ ಹಿಡಿಯಲು ನೆರವು ಕೊಡಲಾಯಿತು. 13 ವರ್ಷ ತುಂಬುವ ಮೊದಲು ಹಾಗೆ ಸ್ಥಳಾಂತರಗೊಂಡ ಮಕ್ಕಳ ಗಳಿಕೆ ಇಪ್ಪತ್ತರ ನಡುವಯಸ್ಸಿನಲ್ಲಿ, ಉಳಿದವರಿಗಿಂತ ಶೇ 31ರಷ್ಟು ಹೆಚ್ಚಿತ್ತೆಂದು ರಾಜ್ ಚೆಟ್ಟಿ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದರು. ನೆರೆಹೊರೆ ಮಕ್ಕಳ ಬಾಳನ್ನು ಬದಲಿಸುತ್ತದೆ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಆದರೆ ಅದೇ ಪ್ರಯೋಗದ ಮಕ್ಕಳ ಪರೀಕ್ಷಾ ಅಂಕಗಳಲ್ಲಿ ಗಮನಾರ್ಹ ಏರಿಕೆ ಕಂಡುಬಂದಿರಲಿಲ್ಲ. ಒಳಿತಾದದ್ದು ಶ್ರೇಯಾಂಕ ಅಳೆಯುವ ದಾರಿಯಲ್ಲಲ್ಲ. ಜೊತೆಗೆ, ಪ್ರಯೋಗದ ಫಲ ದಕ್ಕಿದ್ದು ತೀವ್ರ ಬಡತನದಿಂದ ಹೊರಬಂದ ಮಕ್ಕಳಿಗೆ. ಎಂಟರ ಶ್ರೇಯಾಂಕದ ವಲಯದಿಂದ ಹತ್ತರ ವಲಯಕ್ಕೆ ಸಾಲ ಮಾಡಿ ಹೋಗುವ ಇಂಜಿನಿಯರ್ ದಂಪತಿಯ ಮಗುವಿಗೂ ಹಾಗೇ ಆಗುತ್ತದೆಂದು ಇದರಿಂದ ಹೇಳಲಾಗದು. ಅಂಥ ಮಕ್ಕಳಿಗೆ ಹತ್ತಿರದ ಪುರಾವೆ ಬೇರೆ ಕಡೆ ಇದೆ. ಬಾಸ್ಟನ್ ಮತ್ತು ನ್ಯೂಯಾರ್ಕ್ ನಗರಗಳ ಪ್ರವೇಶ ಪರೀಕ್ಷೆಯ ಸರ್ಕಾರಿ ಶಾಲೆಗಳಿಗೆ ಅಂಚಿನಲ್ಲಿ ಆಯ್ಕೆಯಾದವರನ್ನೂ ಅಂಚಿನಲ್ಲಿ ತಪ್ಪಿಸಿಕೊಂಡವರನ್ನೂ ಅಬ್ದುಲ್‌ಕದಿರೊಗ್ಲು, ಆಂಗ್ರಿಸ್ಟ್ ಮತ್ತು ಪಾಠಕ್ 2014ರಲ್ಲಿ ಹೋಲಿಸಿದರು. ಆಯ್ಕೆಯಾದವರಿಗೆ ಸಹಪಾಠಿಗಳು ಬಹಳ ಜಾಣರು ಸಿಕ್ಕಿದ್ದರು. ಕಲಿಕೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ಹೆಚ್ಚಳ ಕಾಣಲಿಲ್ಲ.

ಶಾಲೆಗಳ ಅಸಮಾನತೆಯ ಮೂಲ ಆಸ್ತಿ ತೆರಿಗೆ, ಹಣವನ್ನು ಸಮವಾಗಿ ಹಂಚಿದರೆ ಗೆರೆಗೆ ಬೆಲೆ ಉಳಿಯದು ಎಂಬುದು ಇನ್ನೊಂದು ಆಕ್ಷೇಪ. ಹಣದ ಪ್ರಶ್ನೆ ನಿಜವಾದದ್ದೇ. ಆಸ್ತಿ ತೆರಿಗೆಯ ಮೇಲೆ ನಿಂತ ಶಾಲಾ ಹಣಕಾಸು ಸಂವಿಧಾನಬಾಹಿರವಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1973ರ ರೋಡ್ರಿಗಸ್ ಪ್ರಕರಣದಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಮಾನಿಸಿತು. ಡೆಟ್ರಾಯಿಟ್‌ನ ವರ್ಣಭೇದ ನಿವಾರಣೆಯ ಹೊಣೆಯನ್ನು ಸುತ್ತಲಿನ ಉಪನಗರ ಜಿಲ್ಲೆಗಳ ಮೇಲೆ ಹೊರಿಸಲಾಗದೆಂದು ಮರುವರ್ಷದ ಮಿಲಿಕೆನ್ ತೀರ್ಪು ಹೇಳಿತು, ಅದೂ ಅದೇ ಬಹುಮತದಿಂದ. ಈ ಎರಡು ತೀರ್ಪುಗಳು ಶಾಲಾ ಜಿಲ್ಲೆಯ ಗಡಿಯನ್ನು ಗೋಡೆಯಾಗಿಸಿದವು. ಆದರೆ ಮೇಲೆ ನೋಡಿದ ಎರಡೂ ಗಡಿ ಅಧ್ಯಯನಗಳ ಮಹತ್ವ ಇರುವುದು ಇಲ್ಲಿಯೇ. ಬಾಸ್ಟನ್ನಿನ ಉಪನಗರಗಳಲ್ಲಿ ಹೋಲಿಸಿದ್ದು ಒಂದೇ ಜಿಲ್ಲೆಯೊಳಗಿನ, ಒಂದೇ ಖಜಾನೆಯ ಶಾಲೆಗಳನ್ನು. ಕ್ಯಾಲಿಫೋರ್ನಿಯಾದಲ್ಲಂತೂ ಶಾಲಾ ಹಣದ ಅಸಮಾನತೆಯ ವಿರುದ್ಧದ 1971ರ ಸೆರಾನೊ ತೀರ್ಪು ಮತ್ತು ಆಸ್ತಿ ತೆರಿಗೆಗೆ ಮಿತಿ ಹಾಕಿದ 1978ರ 13ನೇ ಪ್ರಸ್ತಾವದ ಬಳಿಕ ಶಾಲಾ ಹಣಕಾಸು ಬಹುಪಾಲು ರಾಜ್ಯದ ಕೈಗೆ ಹೋಗಿತ್ತು. ಹಣ ಸರಿಸಮವಾಗತೊಡಗಿದ ಮೇಲೂ ಗೆರೆ ತನ್ನ ಕೆಲಸ ಮಾಡುತ್ತಲೇ ಇತ್ತು. 2000ದ ಸುಮಾರಿಗೆ ಫ್ರೀಮಾಂಟ್‌ನ ಶಾಲಾ ಮಂಡಳಿ, ಹೆಸರುವಾಸಿಯಾದ ಮಿಷನ್ ಸ್ಯಾನ್ ಹೊಸೆ ಹೈಸ್ಕೂಲಿನ ವಲಯದಿಂದ ಒಂದು ಭಾಗವನ್ನು ಅದೇ ಊರಿನ ಇನ್ನೊಂದು ಹೈಸ್ಕೂಲಿಗೆ ಸೇರಿಸಲು ಹೊರಟಾಗ, ಬಹುಪಾಲು ಏಷ್ಯಾ ಮೂಲದವರಾದ ಅಲ್ಲಿನ ಪೋಷಕರು ತೀವ್ರವಾಗಿ ಪ್ರತಿಭಟಿಸಿದರು. ಪ್ರತ್ಯೇಕ ಶಾಲಾ ಜಿಲ್ಲೆಯ ಬೇಡಿಕೆಯೂ ಎದ್ದಿತು. ಅವರ ಸಂಕಟ ಅರ್ಥವಾಗುವಂಥದು. ಹತ್ತಾರು ವರ್ಷಗಳ ಸಾಲ ಹೊತ್ತು ಕೊಂಡದ್ದನ್ನು ಮಂಡಳಿಯೊಂದು ಸಭೆ ಸೇರಿ ಕಿತ್ತುಕೊಂಡಂತೆ ಅವರಿಗೆ ತೋರಿತು. ಸಾರ್ವಜನಿಕ ಶಾಲೆಯ ಸೀಟು ಖಾಸಗಿ ಆಸ್ತಿಯಂತೆ ಭಾಸವಾಗುವ ಹಾಗೆ ಮಾಡಿದ್ದು ಆ ವ್ಯವಸ್ಥೆಯೇ ಹೊರತು ಆ ಪೋಷಕರ ದುರಾಸೆಯಲ್ಲ.

ಗೆರೆಯನ್ನೇ ಅಳಿಸಿಬಿಟ್ಟರೆ? ಈ ಪ್ರಶ್ನೆಗೆ ಉತ್ತರ ಬೆಂಗಳೂರಿನಲ್ಲಿದೆ. ಇಲ್ಲಿ ವಿಳಾಸ ಶಾಲೆಯನ್ನು ನಿರ್ಧರಿಸುವುದಿಲ್ಲ. ಶುಲ್ಕ ಕಟ್ಟಬಲ್ಲ ಮನೆಯ ಮಗು ಹಳದಿ ಬಸ್ಸು ಹತ್ತಿ ಊರಿನ ಇನ್ನೊಂದು ತುದಿಗೆ ಹೋಗಬಹುದು, ಹೋಗುತ್ತದೆ ಕೂಡ. ಪಕ್ಕದ ಬೀದಿಯ ಸರ್ಕಾರಿ ಶಾಲೆಯಲ್ಲಿ ಉಳಿಯುವುದು ಬೇರೆ ದಾರಿಯಿಲ್ಲದವರ ಮಕ್ಕಳು. ಅಮೆರಿಕದಲ್ಲಿ ಭೂಪಟ ಮಾಡುವ ವಿಂಗಡಣೆಯನ್ನು ಇಲ್ಲಿ ಶುಲ್ಕದ ಪಟ್ಟಿ ಮಾಡುತ್ತದೆ. ದೇಶದಲ್ಲಿ ಈ ಬಗೆಯ ವಿಂಗಡಣೆಯನ್ನು ಮುರಿಯಲೆಂದೇ 1964–66ರ ಕೊಠಾರಿ ಆಯೋಗ ನೆರೆಹೊರೆ ಶಾಲೆಯನ್ನು ಸೂಚಿಸಿತ್ತು: ಜಾತಿ, ವರ್ಗ, ಆದಾಯಗಳ ಭೇದವಿಲ್ಲದೆ ಒಂದು ಪ್ರದೇಶದ ಮಕ್ಕಳೆಲ್ಲ ಅಲ್ಲಿನ ಸಾಮಾನ್ಯ ಶಾಲೆಯಲ್ಲಿ ಕಲಿಯಬೇಕು ಎಂದು. 1968ರ ರಾಷ್ಟ್ರೀಯ ನೀತಿ ಸಾಮಾನ್ಯ ಶಾಲಾ ವ್ಯವಸ್ಥೆಯ ಆಶಯವನ್ನು ಒಪ್ಪಿಕೊಂಡಿತು. ಅದು ಕಾಗದದಲ್ಲೇ ಉಳಿಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಆ ಆಶಯದ ತುಣುಕೊಂದನ್ನು ಉಳಿಸಿಕೊಂಡಿತು. ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶ ತರಗತಿಯಲ್ಲಿ ಕನಿಷ್ಠ ಶೇ 25ರಷ್ಟು ಸೀಟುಗಳನ್ನು ನೆರೆಹೊರೆಯ ದುರ್ಬಲ ವರ್ಗಗಳ ಮಕ್ಕಳಿಗೆ ಕೊಡಬೇಕು, ವೆಚ್ಚವನ್ನು ಸರ್ಕಾರ ಮರುಪಾವತಿಸಬೇಕು ಎಂಬ 12(1)(ಸಿ) ಸೆಕ್ಷನ್ ಅದು. ಸುಪ್ರೀಂ ಕೋರ್ಟ್ ಇದನ್ನು 2012ರಲ್ಲಿ ಎತ್ತಿಹಿಡಿಯಿತು.

ಕರ್ನಾಟಕದಲ್ಲಿ ಈ ಸೆಕ್ಷನ್ನಿನ ಹಣೆಬರಹವನ್ನು ಬರೆದದ್ದು ನೆರೆಹೊರೆಯ ಗೆರೆಯೇ. ನಗರಗಳಲ್ಲಿ ವಾರ್ಡನ್ನು, ಹಳ್ಳಿಗಳಲ್ಲಿ ಕಂದಾಯ ಗ್ರಾಮವನ್ನು ನೆರೆಹೊರೆಯೆಂದು ಹಿಡಿಯಲಾಯಿತು. ವಾರ್ಡು ಮತದಾನಕ್ಕಾಗಿ, ಜನಸಂಖ್ಯೆಯ ಲೆಕ್ಕದಲ್ಲಿ ಎಳೆದ ಗಡಿ. ಮಗುವಿನ ನಡಿಗೆಯ ದೂರಕ್ಕೂ ಅದಕ್ಕೂ ಸಂಬಂಧವಿಲ್ಲ. ರಸ್ತೆಯ ಈಚೆಗಿನ ಮಗುವಿಗೆ ಎದುರು ಬದಿಯ ಶಾಲೆ ತಪ್ಪಿ, ಅದೇ ವಾರ್ಡಿನ ದೂರದ ತುದಿಯ ಮಗುವಿಗೆ ಸಿಗಬಹುದು. ಸ್ಥಿತಿವಂತರ ಬಡಾವಣೆಯಿಂದಲೇ ತುಂಬಿದ ವಾರ್ಡಿನಲ್ಲಿ ಶಾಲೆಗಳು ಹೆಚ್ಚು, ಅರ್ಹ ಮಕ್ಕಳು ಕಡಿಮೆ. ಪಕ್ಕದ ವಾರ್ಡಿನಲ್ಲಿ ಇದರ ತಿರುವುಮುರುವು. 2019ರ ಆರಂಭದಲ್ಲಿ ರಾಜ್ಯ ಸರ್ಕಾರ ನಿಯಮವನ್ನು ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಗೆ ಈ ಹೊಣೆ ಇಲ್ಲವೆಂದಿತು. ಅದೇ ವರ್ಷ ಮೇ ತಿಂಗಳಲ್ಲಿ ಹೈಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಈ ಮೀಸಲಿನಡಿಯ ದಾಖಲಾತಿ ತೀವ್ರವಾಗಿ ಕುಸಿಯಿತು.

ತಿದ್ದುಪಡಿಯ ಪರವಾದ ವಾದಕ್ಕೆ ತೂಕವಿಲ್ಲದೆ ಇಲ್ಲ. ಸರ್ಕಾರ ಒಂದು ಕೈಯಿಂದ ಖಾಸಗಿ ಶಾಲೆಗೆ ಶುಲ್ಕ ಕಟ್ಟುತ್ತಾ ಇನ್ನೊಂದು ಕೈಯಿಂದ ತನ್ನದೇ ಶಾಲೆಯನ್ನು ಖಾಲಿ ಮಾಡಿಕೊಳ್ಳುತ್ತಿತ್ತು. ಮಕ್ಕಳಿಲ್ಲದೆ ಮುಚ್ಚಿದ ಕನ್ನಡ ಶಾಲೆಗಳ ನೋವು ಈ ವಾದದ ಹಿಂದಿದೆ. ಸರ್ಕಾರಿ ಶಾಲೆ ಉಳಿಯಬೇಕು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ತಿದ್ದುಪಡಿ ಮಾಡಿದ್ದೇನು? ಸರ್ಕಾರಿ ಶಾಲೆಯನ್ನು ತುಂಬಿಸಲು ಅದು ಬಡ ಮಗುವನ್ನು ಮಾತ್ರ ನೆರೆಹೊರೆಗೆ ಕಟ್ಟಿತು. ಶುಲ್ಕ ಕಟ್ಟಬಲ್ಲ ಮಗುವಿಗೆ ಗೆರೆ ಅನ್ವಯವಾಗಲೇ ಇಲ್ಲ. ಕೊಠಾರಿ ಆಯೋಗದ ನೆರೆಹೊರೆ ಎಲ್ಲರನ್ನೂ ಕಟ್ಟುವಂಥದ್ದಾಗಿತ್ತು. ಅದರ ಅರ್ಧವನ್ನು ಮಾತ್ರ ಜಾರಿಗೊಳಿಸಿದಾಗ ಫಲಿತಾಂಶ ಅದರ ಉದ್ದೇಶಕ್ಕೆ ವಿರುದ್ಧವಾಯಿತು. ಅಮೆರಿಕದ ದಾಖಲಾತಿ ವಲಯಕ್ಕೂ ಇದಕ್ಕೂ ಇರುವ ಸಾಮ್ಯ ಇದೇ: ಎರಡೂ ಕಡೆ ಗೆರೆ ಹಿಡಿದಿಡುವುದು ಗೆರೆ ದಾಟಲು ಹಣವಿಲ್ಲದವರನ್ನು.

ನಮ್ಮಲ್ಲಿ ಮಾಹಿತಿಯ ಕಡೆಯಿಂದಲೂ ಇದೇ ತಪ್ಪು ನಡೆಯುತ್ತಿದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗ ಶಾಲೆಗಳನ್ನೂ ಜಿಲ್ಲೆಗಳನ್ನೂ ತೇರ್ಗಡೆಯ ಶೇಕಡಾವಾರು ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸುತ್ತೇವೆ. ಪ್ರವೇಶ ಪರೀಕ್ಷೆ ಮತ್ತು ಸಂದರ್ಶನ ನಡೆಸಿ ಮಕ್ಕಳನ್ನು ಆರಿಸಿಕೊಂಡ ಶಾಲೆಯೂ ಬಂದವರನ್ನೆಲ್ಲ ಸೇರಿಸಿಕೊಂಡ ಶಾಲೆಯೂ ಒಂದೇ ಪಟ್ಟಿಯಲ್ಲಿ. ಪ್ರತಿ ವಿದ್ಯಾರ್ಥಿಯನ್ನು ತರಗತಿಯಿಂದ ತರಗತಿಗೆ ಗುರುತಿಸುವ ದಾಖಲೆ ರಾಜ್ಯದ ಬಳಿ ಎಸ್‌ಎಟಿಎಸ್ ಹೆಸರಿನಲ್ಲಿ ಈಗಾಗಲೇ ಇದೆ. ಅದಕ್ಕೆ ಹೋಲಿಸಬಹುದಾದ ಕಲಿಕೆಯ ಮೌಲ್ಯಮಾಪನವನ್ನು ಜೋಡಿಸಿ, ಮಕ್ಕಳ ಹೆಸರು ಹೊರಬೀಳದಂತೆ ಪ್ರತಿ ಶಾಲೆಯ ಬೆಳವಣಿಗೆಯನ್ನು ಪ್ರಕಟಿಸಲು ಹೊಸ ಕಾನೂನು ಬೇಕಿಲ್ಲ. ಬಡ ಬಡಾವಣೆಯ ಎಷ್ಟು ಸರ್ಕಾರಿ ಶಾಲೆಗಳು ಶುಲ್ಕದ ಶಾಲೆಗಳಿಗಿಂತ ಹೆಚ್ಚು ಕಲಿಸುತ್ತಿವೆ ಎಂಬುದು ಆಗಷ್ಟೇ ಪೋಷಕರಿಗೆ ತಿಳಿದೀತು. ಇನ್ನು ಶೇ 25ರ ಸೀಟುಗಳ ಮಟ್ಟಿಗೆ, ವಾರ್ಡಿನ ಗಡಿಯನ್ನು ಕೈಬಿಟ್ಟು, ಕಾಯ್ದೆಯ ನಿಯಮಗಳಲ್ಲೇ ಇರುವ 1 ಕಿಲೋಮೀಟರ್ ಮತ್ತು 3 ಕಿಲೋಮೀಟರ್ ಅಂತರಗಳನ್ನು ಶಾಲೆಯ ಬಾಗಿಲಿನಿಂದ ಅಳೆಯಬೇಕು. 3 ಕಿಲೋಮೀಟರಿನ ವ್ಯಾಪ್ತಿಯೊಳಗೆ ಬೆಂಗಳೂರಿನ ಯಾವುದೇ ದುಬಾರಿ ಬಡಾವಣೆಯ ಪಕ್ಕದಲ್ಲಿ ಅಲ್ಲಿ ಮನೆಗೆಲಸ ಮಾಡುವವರ, ಕಾವಲು ಕಾಯುವವರ, ಕಟ್ಟಡ ಕಟ್ಟುವವರ ಮನೆಗಳು ಇದ್ದೇ ಇರುತ್ತವೆ. ವಾರ್ಡಿನ ಗೆರೆ ಅವನ್ನು ಇಷ್ಟು ದಿನ ಪಕ್ಕದ ಲೆಕ್ಕಕ್ಕೆ ಬರೆದಿಟ್ಟಿದೆ.