ಮೀನಿನ ಹುರುಪೆಯಂಥ ಚರ್ಮ: ಸರ್ಪದೋಷವಲ್ಲ, ಜೀನ್ ದೋಷ

ಚರ್ಮ ಒಣಗಿ, ಬಿರುಕು ಬಿಟ್ಟು, ಮೀನಿನ ಹುರುಪೆಯಂತೆ ಏಳುವ ಕಾಯಿಲೆಗೆ ಇಕ್ತಿಯೋಸಿಸ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಇಕ್ತಿಸ್’ ಎಂದರೆ ಮೀನು. ಇದನ್ನು ಸರ್ಪದೋಷವೆಂದೋ ಕುಷ್ಠವೆಂದೋ ತಿಳಿದು ಮಕ್ಕಳನ್ನು ದೂರ ಇಡುವವರು ಈಗಲೂ ಇದ್ದಾರೆ. ಇದು ಎರಡೂ ಅಲ್ಲ. ಮುಟ್ಟಿದರೂ, ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ.

ಚರ್ಮದ ಮೇಲ್ಪದರವನ್ನು ಗೋಡೆಗೆ ಹೋಲಿಸಬಹುದು. ಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ. ಈ ಗೋಡೆ ಕಟ್ಟುವ ಜೀನ್ ಕೆಟ್ಟರೆ ನೀರಿನಂಶ ಸೋರುತ್ತದೆ, ಹಳೆಯ ಕೋಶಗಳು ಉದುರದೆ ಪದರಗಟ್ಟುತ್ತವೆ.

ಹೆಚ್ಚಾಗಿ ಕಾಣುವ ಸೌಮ್ಯ ಬಗೆಗೆ ಕಾರಣ ಫಿಲಾಗ್ರಿನ್ ಜೀನ್ ಎಂದು 2006ರಲ್ಲಿ ಗೊತ್ತಾಯಿತು. ತಂದೆ ಅಥವಾ ತಾಯಿ, ಒಬ್ಬರಿಂದ ಬಂದರೂ ಸಾಕು. ಚಳಿಗಾಲದಲ್ಲಿ ಮೊಣಕಾಲ ಕೆಳಗೆ ಹೆಚ್ಚುತ್ತದೆ.

ಎರಡನೆಯ ಬಗೆ ಬಹುಮಟ್ಟಿಗೆ ಗಂಡುಮಕ್ಕಳಿಗೆ ಮಾತ್ರ. ಎಕ್ಸ್ ವರ್ಣತಂತುವಿನಲ್ಲಿರುವ ಸ್ಟೀರಾಯ್ಡ್ ಸಲ್ಫಟೇಸ್ ಜೀನ್ ಇಲ್ಲದಿರುವುದೇ ಸಾಮಾನ್ಯ ಕಾರಣ. ತಂದೆಯಿಂದ ಮಗನಿಗೆ ಬರುವುದಿಲ್ಲ. ಮಗಳ ಮೂಲಕ ಮೊಮ್ಮಗನಲ್ಲಿ ಕಾಣಿಸಿಕೊಳ್ಳಬಹುದು. ಇಂಥ ಮಗು ಹೊಟ್ಟೆಯಲ್ಲಿದ್ದಾಗ ಕೆಲವರಿಗೆ ಹೆರಿಗೆ ನೋವು ತಡವಾಗುವುದೂ ಉಂಟು.

ಮನೆಮಂದಿಯನ್ನು ಕಂಗೆಡಿಸುವುದು ಮೂರನೆಯದು, ಲ್ಯಾಮೆಲರ್ ಇಕ್ತಿಯೋಸಿಸ್. ಮಗು ಹುಟ್ಟುವಾಗಲೇ ಹೊಳೆಯುವ ಪೊರೆಯಲ್ಲಿ ಸುತ್ತಿದಂತಿರುತ್ತದೆ. ಹೆತ್ತವರಿಬ್ಬರ ಚರ್ಮವೂ ಚೆನ್ನಾಗಿಯೇ ಇರುತ್ತದೆ. ಹೀಗಾಗಿ ಬಾಣಂತಿಯ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಮಗುವಿನ ಕೆಟ್ಟ ಜೀನ್‌ಗಳಲ್ಲಿ ಒಂದು ತಾಯಿಯದು, ಇನ್ನೊಂದು ತಂದೆಯದು. ಹಲವು ಕುಟುಂಬಗಳಲ್ಲಿ ಅದು 14ನೇ ವರ್ಣತಂತುವಿನ ಟಿಜಿಎಂ1 ಜೀನ್. ದೋಷ ಒಂದೇ ಪ್ರತಿಯಲ್ಲಿದ್ದರೆ ರೋಗ ಕಾಣಿಸುವುದಿಲ್ಲ. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿಗೂ ಶೇ. 25 ಸಂಭವ. ಒಂದು ಮಗುವಿಗೆ ಬಂದರೆ ಮುಂದಿನ ಮೂರು ಪಾರು ಎಂಬ ಲೆಕ್ಕ ತಪ್ಪು. ಪ್ರತಿ ಸಲವೂ ಹೊಸದಾಗಿ ಚೀಟಿ ಎತ್ತಿದಂತೆ.

ಸಂಬಂಧದೊಳಗಿನ ಮದುವೆಯ ಪ್ರಶ್ನೆ ಬರುವುದು ಇಲ್ಲಿಯೇ. ಸೋದರಮಾವನಿಗೂ ಅಕ್ಕನ ಮಗಳಿಗೂ ಸರಾಸರಿ ನಾಲ್ಕನೇ ಒಂದು ಪಾಲು, ಅತ್ತೆ-ಮಾವನ ಮಕ್ಕಳಿಗೆ ಎಂಟನೇ ಒಂದು ಪಾಲು ಜೀನ್‌ಗಳು ಒಂದೇ ಮೂಲದವು. ಮನೆತನದಲ್ಲಿ ಅಡಗಿರುವ ದೋಷ ಇಬ್ಬರಲ್ಲೂ ಇರುವ ಸಂಭವ ಅಷ್ಟು ಹೆಚ್ಚು. ಇಂಥ ಮದುವೆಯಾದವರ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ, ನಿಜ. ಆದರೆ ಮನೆಯಲ್ಲಿ ಒಂದು ಮಗುವಿಗೆ ಈ ಕಾಯಿಲೆ ಬಂದಿದ್ದರೆ ಒಳಗೇ ಸಂಬಂಧ ಬೆಳೆಸುವ ಮುನ್ನ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮೊದಲು ಕಾಯಿಲೆ ಇರುವವರ ರಕ್ತದಲ್ಲಿ ಕೆಟ್ಟ ಜೀನ್ ಯಾವುದೆಂದು ಗುರುತಿಸುತ್ತಾರೆ, ಆಮೇಲೆ ಉಳಿದವರದು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ವೆಲ್ಲೂರಿನ ಸಿಎಂಸಿ, ಹೈದರಾಬಾದಿನ ಸಿಡಿಎಫ್‌ಡಿ ಇಂಥ ಕೆಲಸದಲ್ಲಿ ಹೆಸರಾಗಿವೆ.

ಬುಡಸಹಿತ ಗುಣಪಡಿಸುವ ಮದ್ದು ಇನ್ನೂ ಬಂದಿಲ್ಲ. ಸ್ನಾನವಾದ ಕೂಡಲೇ, ಮೈಯಲ್ಲಿ ಪಸೆ ಇರುವಾಗಲೇ ವ್ಯಾಸಲೀನ್ ಹಚ್ಚಬೇಕು. ಹುರುಪೆ ಕೀಳಬಾರದು. ಲ್ಯಾಮೆಲರ್ ಬಗೆಯವರಿಗೆ ಬೆವರು ಸರಿಯಾಗಿ ಬರುವುದಿಲ್ಲ. ಸೊಲ್ಲಾಪುರ, ಆದೋನಿಯ ಬೇಸಿಗೆಯಲ್ಲಿ ಅಂಥ ಮಗುವಿನ ಮೈ ಕಾದರೆ ಒದ್ದೆ ಬಟ್ಟೆ ಹೊದಿಸಿ, ನೆರಳಿಗೆ ತಂದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.